ದಿನಾ ಓಡಿಸೋ ಕಾರಿಗೆ ರೇಸಿಂಗ್ ಹಾರ್ನೆಸ್: ಹಿಂದಿನ ಸೀಟಿನ ಬೋಲ್ಟಿಗೆ ಕಟ್ಟಿದರೆ ನಡೆಯುತ್ತಾ?

ನಂದಿತಪ್ಪಲು, ಚಿಕ್ಕಬಳ್ಳಾಪುರ

ಕಾರು ಬಿಎಂಡಬ್ಲ್ಯು ಎಂ2, ಎರಡು ಬಾಗಿಲಿನ ಕೂಪೆ, ಹಿಂದೆ ಎರಡು ಸೀಟು. ವಾರವೆಲ್ಲ ಬೆಂಗಳೂರಿಗೆ ಓಡಾಟ, ಭಾನುವಾರ ಬೆಳಗ್ಗೆ ನಂದಿ ಕಡೆ, ವರ್ಷಕ್ಕೆ ಎರಡು ಮೂರು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕು. ತೊಂದರೆ ಇರೋದು ಟ್ರ್ಯಾಕಿನಲ್ಲಿ. ಉದ್ದನೆಯ ಬಲತಿರುವಿನಲ್ಲಿ ಮೈ ಎಡಕ್ಕೆ ಜಾರುತ್ತೆ, ಎಡಮೊಣಕಾಲನ್ನು ಕನ್ಸೋಲಿಗೆ ಒತ್ತಿಕೊಂಡು ಸ್ಟೀರಿಂಗಿಗೆ ಜೋತುಬಿದ್ದಂಗೆ ಕೂರಬೇಕು.

ಯೋಚನೆ ಹೀಗಿದೆ. ಕಂಪನಿ ಸೀಟು ಹಾಗೇ ಇರಲಿ (ಮೋಟರ್ ಸೀಟು, ಪಕ್ಕದ ಏರ್‌ಬ್ಯಾಗ್ ಅದರೊಳಗೇ ಇದೆ). 3 ಇಂಚಿನ 4 ಪಾಯಿಂಟ್ ಹಾರ್ನೆಸ್ (ನಾಲ್ಕು ಕಡೆ ಕಟ್ಟೋ ರೇಸಿಂಗ್ ಬೆಲ್ಟ್) ತಂದು ಸೊಂಟದ ಪಟ್ಟಿಗಳನ್ನು ಮುಂದಿನ ಬೆಲ್ಟಿನ ಬೋಲ್ಟಿಗೆ, ಭುಜದ ಪಟ್ಟಿಗಳನ್ನು ಹಿಂದಿನ ಸೀಟಿನ ಬೆಲ್ಟ್ ಬೋಲ್ಟಿಗೆ ಹಾಕೋದು. ಕಂಪನಿಯ 3 ಪಾಯಿಂಟ್ ಬೆಲ್ಟ್ ಬಿಚ್ಚಲ್ಲ. ಎಲ್ಲೂ ಹೊಸದಾಗಿ ತೂತು ಕೊರೆಯಲ್ಲ.

ಇದು ಸಾಕಾ? ಹಾಕಿದ ಮೇಲೆ ರಸ್ತೆಯಲ್ಲೂ ಅದನ್ನೇ ಕಟ್ಟಿಕೊಂಡು ಓಡಿಸಬಹುದಾ? 4 ಪಾಯಿಂಟಾ, 6 ಪಾಯಿಂಟಾ?

ಅಂತರಗಂಗೆ, ಕೋಲಾರ

ದುಡ್ಡು ಕೊಡೋ ಮುಂಚೆ ಟೇಪು ಹಿಡಿಯಿರಿ. ಓಡಿಸೋ ಭಂಗಿಯಲ್ಲಿ ಕೂತುಕೊಂಡು, ಪಟ್ಟಿ ಭುಜ ದಾಟಿ ಸೀಟಿನ ಬೆನ್ನಿನಿಂದ ಹೊರಬೀಳೋ ಜಾಗ ಯಾವುದು ಅಂತ ಇನ್ನೊಬ್ಬರ ಕೈಲಿ ಗುರುತು ಹಾಕಿಸಿ. ಅಲ್ಲಿಂದ ಹಿಂದಿನ ಬೋಲ್ಟಿಗೆ ಅಡ್ಡ ಎಷ್ಟು, ಕೆಳಗೆ ಎಷ್ಟು ಅಂತ ಬೇರೆಬೇರೆ ಅಳೆಯಿರಿ. ಉದಾಹರಣೆಗೆ ಅಡ್ಡ 70 ಸೆಂ.ಮೀ., ಕೆಳಕ್ಕೆ 50 ಸೆಂ.ಮೀ. ಬಂತು ಅಂದುಕೊಳ್ಳಿ. ಅದು ಸುಮಾರು 35 ಡಿಗ್ರಿ ಇಳಿಜಾರು.

ಎಫ್‌ಐಎ (ಕಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ಈ ಇಳಿಜಾರು 45 ಡಿಗ್ರಿ ದಾಟಬಾರದು ಅಂತಿದೆ, ಅದಕ್ಕೇ ಎಷ್ಟೋ ಜನ ‘ನಮ್ದು ಒಳಗೇ ಇದೆಯಲ್ಲ’ ಅಂತ ನೆಮ್ಮದಿಯಾಗಿರ್ತಾರೆ. ಅದೇ ಸಾಲಿನ ಮುಂದೆ, 10 ಡಿಗ್ರಿ ಮೀರದಿದ್ದರೆ ಒಳ್ಳೇದು ಅಂತಲೂ ಇದೆ, ಅದನ್ನು ಯಾರೂ ಓದಲ್ಲ. ಕಾರಣ ಲೆಕ್ಕದಲ್ಲೇ ಇದೆ. ಗುದ್ದಿದಾಗ ಪಟ್ಟಿಯ ಎಳೆತದಲ್ಲಿ ಒಂದು ಪಾಲು ಭುಜವನ್ನು ನೇರ ಕೆಳಕ್ಕೆ ಒತ್ತುತ್ತೆ. 10 ಡಿಗ್ರಿಯಲ್ಲಿ ಆ ಪಾಲು ನೂರಕ್ಕೆ 17, 35 ಡಿಗ್ರಿಯಲ್ಲಿ 57, 45ರಲ್ಲಿ 70. ಎದೆ ತಡೆಯಬೇಕಾದ ಭಾರ ಬೆನ್ನುಮೂಳೆ ಮೇಲೆ ಮೂಟೆ ಹೊರಿಸಿದಂಗೆ ಬೀಳುತ್ತೆ. ಸೊಂಟದ ಮೇಲಿನ ಕಶೇರುಗಳು ಜಜ್ಜಿಹೋಗೋದು ಹೀಗೆ.

ಉದ್ದದ ತಕರಾರು ಬೇರೆ. ಪಟ್ಟಿ ಅಂದ್ರೆ ಹಿಗ್ಗೋ ವಸ್ತು. ನೂರಕ್ಕೆ 10ರಷ್ಟು ಹಿಗ್ಗಿತು ಅಂತ ಇಟ್ಟುಕೊಂಡರೆ, ಸೀಟಿನ ಹಿಂದೆಯೇ ಅಡ್ಡಕ್ಕೆ ಹಾಕೋ ಕಂಬಿಗೆ (ಹಾರ್ನೆಸ್ ಬಾರ್) ಕಟ್ಟಿದ 30 ಸೆಂ.ಮೀ. ತುಂಡು 3 ಸೆಂ.ಮೀ. ಬಿಡುತ್ತೆ, ಹಿಂದಿನ ಸೀಟಿನವರೆಗೆ ಹೋದ 85 ಸೆಂ.ಮೀ. ತುಂಡು 8.5 ಬಿಡುತ್ತೆ. ಅಷ್ಟು ದೂರ ತಲೆ ಸ್ಟೀರಿಂಗ್ ಹತ್ತಿರ ಹೋಗುತ್ತೆ.

ಇನ್ನು ನಿಮ್ಮ ಸೀಟು. ಹಾರ್ನೆಸ್ ತೂತು ಇಲ್ಲದ ಸೀಟಿನಲ್ಲಿ ಪಟ್ಟಿ ಹೆಡ್‌ರೆಸ್ಟಿನ ಅಕ್ಕಪಕ್ಕ ಬೆನ್ನಿನ ಮೇಲಂಚನ್ನು ಹತ್ತಿ ಇಳಿಯಬೇಕು. ಪಕ್ಕಕ್ಕೆ ಎಳೆದಾಗ ಭುಜದಿಂದ ಜಾರುತ್ತೆ, ಮುಂದಕ್ಕೆ ಎಳೆದಾಗ ಆ ಅಂಚನ್ನೇ ಕೆಳಕ್ಕೆ ಮಡಚುತ್ತೆ. ಅಂಚು 4 ಸೆಂ.ಮೀ. ಕುಸಿದರೆ ಪಟ್ಟಿಯಲ್ಲಿ ಅಷ್ಟೂ ಸಡಿಲ ಬಂದಂಗೆ. ಕೆಲವು ಕಂಪನಿ ಸೀಟುಗಳಲ್ಲಿ ಹೆಡ್‌ರೆಸ್ಟ್ ಕೆಳಗೆ ಕಿಂಡಿ ಕಾಣುತ್ತೆ. ಅದು ಬಹುತೇಕ ಚೆಂದಕ್ಕೆ, ಸುತ್ತ ಇರೋದು ಪ್ಲಾಸ್ಟಿಕ್.

ಈಗ 4 ಪಾಯಿಂಟಿನ ದೊಡ್ಡ ರೋಗ. ಕಾರಲ್ಲಿ ಕೂತು ಕಂಪನಿ ಬೆಲ್ಟ್ ಹಾಕಿ, ಸೊಂಟದ ಪಟ್ಟಿಯ ನಡುಭಾಗವನ್ನು ಎರಡು ಬೆರಳಲ್ಲಿ ಹಿಡಿದು ಎದೆ ಕಡೆ ಎತ್ತಿ ನೋಡಿ. ಪಟ್ಟಿ ಸೊಂಟದ ಮೂಳೆಯ ಮುಂಬದಿಯ ಉಬ್ಬನ್ನು ಬಿಟ್ಟು ಹೊಟ್ಟೆಯ ಮೆತ್ತಗಿನ ಭಾಗಕ್ಕೆ ಏರುತ್ತೆ. 4 ಪಾಯಿಂಟಲ್ಲಿ ಭುಜದ ಎರಡೂ ಪಟ್ಟಿಗಳು ನಡುವಿನ ಬಕಲಿಗೆ ಸೇರಿರೋದರಿಂದ ಗುದ್ದಿದಾಗ ನಡೆಯೋದು ಇದೇ ಕೆಲಸ, ಟನ್ನುಗಟ್ಟಲೆ ಬಲದಲ್ಲಿ. ಸೊಂಟ ಪಟ್ಟಿಯ ಕೆಳಗೆ ನುಸುಳಿ ಮುಂದೆ ಹೋಗುತ್ತೆ, ಪಟ್ಟಿ ಕರುಳು ಪಿತ್ತಕೋಶಗಳ ಮೇಲೆ ಕೂರುತ್ತೆ. ಇದಕ್ಕೆ ಸಬ್‌ಮೆರೀನಿಂಗ್ ಅಂತಾರೆ. ಬಕಲನ್ನು ಕೆಳಕ್ಕೆ ಹಿಡಿದಿಡೋಕೆ ಅಂತಲೇ ತೊಡೆಸಂದಿನ ಪಟ್ಟಿ ಬಂದಿದ್ದು. 5 ಪಾಯಿಂಟಲ್ಲಿ ಅದು ಒಂದು, 6ರಲ್ಲಿ ಎರಡು. ಒಂದೇ ಇದ್ದರೆ ಗಂಡಸರಿಗೆ ಎಲ್ಲಿ ಬಡಿಯುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ, ಆದ್ದರಿಂದ 6. ಆ ಎರಡು ಪಟ್ಟಿಗೆ ಸೀಟಿನ ಕುಶನ್ನಿನಲ್ಲಿ ತೂತು ಬೇಕು. ನಿಮ್ಮ ಮೋಟರ್ ಸೀಟಲ್ಲಿ ಅದು ಇಲ್ಲ, ಮಾಡಿಸೋಕೂ ಬರಲ್ಲ.

ದುರ್ಗದ ತಿರುವು, ತುಮಕೂರು

ಒಂದು ತಿದ್ದುಪಡಿ. 4 ಪಾಯಿಂಟ್ ಎಲ್ಲವೂ ಒಂದೇ ಅಲ್ಲ. ಶ್ರಾಥ್ ಕಂಪನಿಯ ಎಎಸ್‌ಎಂ ಅನ್ನೋ ಬಗೆಯಲ್ಲಿ ಎರಡು ಭುಜದ ಪಟ್ಟಿಗಳಲ್ಲಿ ಕಾರಿನ ನಡುಬದಿಯದಕ್ಕೆ ಒಂದು ಮಡಿಕೆ ಹಾಕಿ ಹೊಲಿದಿರ್ತಾರೆ. ಗುದ್ದಿದಾಗ ಆ ಹೊಲಿಗೆ ಬೇಕಂತಲೇ ಹರಿದು ಪಟ್ಟಿ ಉದ್ದವಾಗುತ್ತೆ, ಒಂದು ಭುಜ ಸ್ವಲ್ಪ ಮುಂದೆ ಹೋಗಿ ಮೈ ತಿರುಗುತ್ತೆ, ಹೆಚ್ಚುಕಮ್ಮಿ 3 ಪಾಯಿಂಟ್ ಬೆಲ್ಟಲ್ಲಿ ತಿರುಗಿದ ಹಾಗೆ. ಸೊಂಟ ಹಿಂದೆ ಉಳಿಯುತ್ತೆ, ಬಕಲ್ ಮೇಲೇರಲ್ಲ. ಕಂಪನಿ ಸೀಟಿಗೆ ಅಂತಲೇ ಮಾಡಿದ್ದು, ಯುರೋಪಿನ ರಸ್ತೆ ಬೆಲ್ಟ್ ನಿಯಮವಾದ ಇಸಿಇ ಆರ್16 ಅನುಮೋದನೆ ಇರೋ ಮಾದರಿಗಳೂ ಇವೆ. ಆದ್ದರಿಂದ ‘4 ಪಾಯಿಂಟ್ ಅಂದ್ರೆ ಸಾವು’ ಅನ್ನೋದು ಪೂರ್ತಿ ಸರಿಯಲ್ಲ.

ಆದ್ರೆ ಅದನ್ನು ಎಡಬಲ ಅದಲುಬದಲು ಮಾಡಿ ಹಾಕಿದರೆ ಮಡಿಕೆ ಬಾಗಿಲ ಕಡೆ ಬರುತ್ತೆ, ಮೈ ಉಲ್ಟಾ ತಿರುಗುತ್ತೆ. ನಮ್ಮದು ಬಲಗಡೆ ಸ್ಟೀರಿಂಗ್, ಹೊರಗಿನ ವಿಡಿಯೋಗಳೆಲ್ಲ ಎಡಗಡೆಯದು. ಡ್ರೈವರ್ ಸೀಟಿಗೆ ಮಡಿಕೆ ಇರೋ ಪಟ್ಟಿ ಎಡಭುಜಕ್ಕೆ ಬರಬೇಕು, ಪಕ್ಕದ ಸೀಟಿಗೆ ಬಲಭುಜಕ್ಕೆ. ಜೊತೆಗೆ ಕೋನ, ದೂರದ ಬಗ್ಗೆ ಅಂತರಗಂಗೆ ಹೇಳಿದ್ದೆಲ್ಲ ಇದಕ್ಕೂ ಅನ್ವಯಿಸುತ್ತೆ.

ನಿಮ್ಮ ಅಸಲು ಸಮಸ್ಯೆ ಮೈ ಜಾರೋದು ತಾನೇ? ಅದಕ್ಕೆ ಇಷ್ಟೆಲ್ಲ ಬೇಕಿಲ್ಲ. ಕಂಪನಿ ಬೆಲ್ಟನ್ನೇ ಲಾಕ್ ಮಾಡಿಕೊಳ್ಳಿ. ಸೀಟನ್ನು ಮಾಮೂಲಿ ಜಾಗದಿಂದ ನಾಲ್ಕೈದು ಸೆಂ.ಮೀ. ಹಿಂದಕ್ಕೆ ತಗೊಳ್ಳಿ, ಬೆಲ್ಟ್ ಹಾಕಿ, ಸೊಂಟದ ಭಾಗ ಬಿಗಿಯಾಗೋ ತನಕ ಎದೆ ಪಟ್ಟಿಯನ್ನು ಮೇಲಕ್ಕೆಳೆಯಿರಿ. ಆಮೇಲೆ ಭುಜದ ಹತ್ತಿರ ಪಟ್ಟಿಯನ್ನು ಒಂದೇ ಸಲ ಜಗ್ಗಿ. ಬೆಲ್ಟ್ ಸುತ್ತಿಕೊಳ್ಳೋ ರೀಲ್ ‘ಟಕ್’ ಅಂತ ಹಿಡಿಯುತ್ತೆ. ಕೈ ಸಡಿಲ ಮಾಡದೆ, ಆ ಎಳೆತ ಬಿಡದೆ, ಸ್ವಿಚ್ ಒತ್ತಿ ಸೀಟನ್ನು ಮುಂದಕ್ಕೆ ತನ್ನಿ. ಮೋಟರ್ ಸೀಟು ನಿಧಾನ, ತಾಳ್ಮೆ ಬೇಕು. ಮೈಯೇ ಪಟ್ಟಿಗೆ ಒತ್ತಿಕೊಂಡು ಎಳೆತ ಇರೋವರೆಗೂ ರೀಲ್ ಬಿಡಲ್ಲ. ಮುಂದಕ್ಕೆ ಬಗ್ಗಿ ಹಿಂದಕ್ಕೆ ಒರಗಿದರೆ ಬಿಟ್ಟುಬಿಡುತ್ತೆ, ಮತ್ತೆ ಮೊದಲಿಂದ. ಪ್ರೀಟೆನ್ಷನರ್ (ಗುದ್ದಿದ ಕ್ಷಣ ಬೆಲ್ಟನ್ನು ಎಳೆದು ಬಿಗಿ ಮಾಡೋ ಸಾಧನ), ಏರ್‌ಬ್ಯಾಗ್ ಎಲ್ಲ ತಮ್ಮ ಪಾಡಿಗೆ ಕೆಲಸ ಮಾಡ್ತಾ ಇರ್ತವೆ.

ಇನ್ನೊಂದು ದಾರಿ ಸಿಜಿ-ಲಾಕ್ ಅನ್ನೋ ಕ್ಲಿಪ್. ಬೆಲ್ಟಿನ ನಾಲಿಗೆಗೆ ಕೂರುತ್ತೆ, ಸೊಂಟದ ಪಟ್ಟಿಯ ಬಿಗಿ ಎದೆ ಪಟ್ಟಿ ಕಡೆ ಸೋರದಂಗೆ ಹಿಡಿಯುತ್ತೆ. ಮೈ ಜಾರೋದು ಶುರುವಾಗೋದು ಸೊಂಟದಿಂದ, ಎದೆಯಿಂದಲ್ಲ.

ಸ್ಪಾನರ್17, ಮುಳಬಾಗಿಲು

ಹಗ್ಗ ಎಷ್ಟೇ ಗಟ್ಟಿ ಇದ್ರೂ ಗೂಟ ಕಿತ್ತು ಬಂದ್ರೆ ಏನು ಬಂತು? ಎಲ್ಲರೂ ಪಟ್ಟಿ ಬಗ್ಗೆ ಮಾತಾಡ್ತಾರೆ, ಬೋಲ್ಟ್ ಬಗ್ಗೆ ಯಾರೂ ಮಾತಾಡಲ್ಲ.

ಬೆಲ್ಟ್ ಬೋಲ್ಟಿನ ಮರೆ (ತಿರುಪಿನ ಗೆರೆ) ಸಾಮಾನ್ಯವಾಗಿ 7/16 ಇಂಚು, ಇಂಚಿಗೆ 20 ಗೆರೆಯ ಯುಎನ್‌ಎಫ್. ವ್ಯಾಸ 11.1 ಮಿ.ಮೀ. ಅಂಗಡಿಯಲ್ಲಿ ಸಿಗೋ ಎಂ10 ಹಾಕಿದ್ರೆ ಅಲ್ಲಾಡುತ್ತೆ, ಎಂ12 ತುರುಕಿದ್ರೆ ಮರೆ ಹೋಗುತ್ತೆ. ಕೈಯಲ್ಲೇ ನಾಲ್ಕೈದು ಸುತ್ತು ಸಲೀಸಾಗಿ ಹೋಗದಿದ್ರೆ ಸ್ಪಾನರ್ ಹಾಕಬೇಡಿ, ಬೋಲ್ಟ್ ಬೇರೆ. ಬಿಗಿ ಎಷ್ಟು ಅಂತ ಕಾರಿನ ಸರ್ವಿಸ್ ಪುಸ್ತಕದಲ್ಲಿ ನೋಡಿ ಟಾರ್ಕ್ ರೆಂಚಲ್ಲೇ ಹಾಕಿ.

ಐ-ಬೋಲ್ಟ್ (ತಲೆಯಲ್ಲಿ ಉಂಗುರ ಇರೋ ಬೋಲ್ಟ್) ಹಾಕೋದಾದ್ರೆ ಕಾಲರ್ ಪೂರ್ತಿ ಲೋಹಕ್ಕೆ ಕೂರಬೇಕು. ಕೆಳಗೆ ಕಾರ್ಪೆಟ್ ಸಿಕ್ಕಿಹಾಕಿಕೊಂಡಿದ್ರೆ ಬಿಗಿಯಾದಂಗೆ ಕಾಣುತ್ತೆ, ಹದಿನೈದು ದಿನಕ್ಕೆ ಸಡಿಲ. ಬೋಲ್ಟನ್ನು ಅಡ್ಡಡ್ಡ ಬಗ್ಗಿಸೋ ಹಂಗೆ ಎಳೆತ ಬರೋದು ಕೆಟ್ಟದ್ದು, ಅಂಥ ಕಡೆ ಚಪ್ಪಟೆ ಪ್ಲೇಟಿನ ಬ್ರಾಕೆಟ್ ಹಾಕಿ, ಪಟ್ಟಿಯ ದಿಕ್ಕಿಗೆ ತಿರುಗಿಸಿ ಬಿಗಿ ಮಾಡಿ.

ಹೊಸ ತೂತು ಕೊರೀಲೇಬೇಕು ಅನ್ನೋ ಕಡೆ (6 ಪಾಯಿಂಟಿನ ತೊಡೆ ಪಟ್ಟಿಗೆ ಬೇಕೇ ಬೇಕು) ನೆಲದ ತಗಡಿನ ಅಡಿಯಲ್ಲಿ ಬಲವರ್ಧನೆಯ ಪ್ಲೇಟ್. ಎಫ್‌ಐಎ ಲೆಕ್ಕ: ಕನಿಷ್ಠ 3 ಮಿ.ಮೀ. ದಪ್ಪ, 40 ಚದರ ಸೆಂ.ಮೀ. ಅಗಲ, ಅಂದ್ರೆ ಸುಮಾರು 6.5 ಸೆಂ.ಮೀ. ಚೌಕ. ಭುಜ, ಸೊಂಟದ ಒಂದೊಂದು ಜಾಗವೂ 1470 ಡೆಕಾನ್ಯೂಟನ್, ಸುಮಾರು ಒಂದೂವರೆ ಟನ್ ತಡೀಬೇಕು, ತೊಡೆ ಪಟ್ಟಿಯದು 720. ಎರಡು ಪಟ್ಟಿ ಒಂದೇ ಬೋಲ್ಟಿಗೆ ಹಾಕಿದ್ರೆ ಎರಡೂ ಕೂಡಿಸಿ. ಪ್ಲೇಟಿನ ಮೂಲೆಗಳನ್ನು ಗುಂಡಗೆ ಮಾಡಿ, ಇಲ್ಲಾಂದ್ರೆ ತಗಡನ್ನು ಡಬ್ಬದ ಮುಚ್ಚಳ ಕುಯ್ದಂಗೆ ಕುಯ್ಯುತ್ತೆ. ಬರೀ ಅಗಲದ ವಾಷರ್ ಹಾಕಿ ಕಳಿಸೋರಿದ್ದಾರೆ, ಒಪ್ಪಬೇಡಿ. ಕೊರೆಯೋ ಮುಂಚೆ ಕೆಳಗೆ ಇಂಧನ ಪೈಪು, ಬ್ರೇಕ್ ಪೈಪು, ವೈರಿಂಗ್ ಎಲ್ಲಿದೆ ನೋಡಿ. ಕೊರೆದ ಅಂಚಿಗೆ ಪ್ರೈಮರ್, ಸೀಲರ್ ಹಚ್ಚಿ.

ಬಾರಿಗೆ ಸುತ್ತೋದು: ಪಟ್ಟಿ ಬಾರನ್ನು ಸುತ್ತಿ, ಮೂರು ಕಡ್ಡಿಯ ಸ್ಲೈಡರಿನಲ್ಲಿ ಹೋಗಿ, ವಾಪಸ್ ಅದರ ಮೇಲೇ ಇನ್ನೊಂದು ಸಲ ಹೋಗಬೇಕು. ಒಂದೇ ಸಲ ಹೋದ್ರೆ ಎಳೆದಾಗ ಸರಸರ ಜಾರುತ್ತೆ. ಸ್ಲೈಡರ್ ಬಾರಿಗೆ ಆದಷ್ಟು ಹತ್ತಿರ ಇರಲಿ, ಬಾಲ ಕನಿಷ್ಠ 10 ಸೆಂ.ಮೀ. ಬಿಡಿ. ಇದನ್ನು ತಪ್ಪು ಹಾಕಿರೋದು ಕಣ್ಣಿಗೆ ಕಾಣಲ್ಲ, ಅದೇ ಅಪಾಯ.

ನಂದಿತಪ್ಪಲು

ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಹಿಂದಿನ ಬೋಲ್ಟ್ ಕೈಬಿಟ್ಟೆ. ಬಿ-ಪಿಲ್ಲರಿನಿಂದ (ಮುಂದಿನ ಬಾಗಿಲ ಹಿಂಬದಿಯ ಕಂಬ) ಬಿ-ಪಿಲ್ಲರಿಗೆ ಹೋಗೋ ಹಾರ್ನೆಸ್ ಬಾರ್, ತೂತಿರೋ ಫಿಕ್ಸೆಡ್ ಬಕೆಟ್ ಸೀಟು (ಬೆನ್ನು ಮಡಚದ ರೇಸಿಂಗ್ ಸೀಟು), 6 ಪಾಯಿಂಟ್. ಆಗ ರಸ್ತೆಯಲ್ಲೂ ಹಾಕಬಹುದಲ್ವಾ? ಏರ್‌ಬ್ಯಾಗ್ ಲೈಟ್ ಬರದಂಗೆ ಗ್ಯಾರೇಜಿನವರು ರೆಸಿಸ್ಟರ್ ಹಾಕಿಕೊಡ್ತೀನಿ ಅಂದಿದ್ದಾರೆ.

ಅಂತರಗಂಗೆ, ಕೋಲಾರ

ರೆಸಿಸ್ಟರ್ ಅಂದ್ರೆ ಏರ್‌ಬ್ಯಾಗ್ ಕಂಪ್ಯೂಟರಿಗೆ ಸುಳ್ಳು ಹೇಳೋದು. ಸೀಟಿನ ಪಕ್ಕದ ಏರ್‌ಬ್ಯಾಗ್ ಹೋಗಿರುತ್ತೆ, ಲೈಟ್ ಮಾತ್ರ ಆರಿರುತ್ತೆ. ನಾಳೆ ನಿಜವಾದ ದೋಷ ಬಂದರೂ ಅದೇ ಸರ್ಕ್ಯೂಟಲ್ಲಿ ಗೊತ್ತಾಗಲ್ಲ. ಮಾರುವಾಗ ಕೊಂಡವನಿಗೂ ಗೊತ್ತಾಗಲ್ಲ. ಸೀಟು ಬದಲಿಸಲೇಬೇಕಿದ್ದರೆ ಲೈಟ್ ಉರಿಯಲಿ ಬಿಡಿ, ಅದು ಸತ್ಯ ಹೇಳ್ತಾ ಇದೆ. ಒಂದು ದೋಷ ಕಂಡರೆ ಎಷ್ಟೋ ಕಾರುಗಳು ಇಡೀ ವ್ಯವಸ್ಥೆಯನ್ನೇ ನಿಲ್ಲಿಸ್ತವೆ ಅನ್ನೋದೂ ಗಮನದಲ್ಲಿರಲಿ.

ಹಾರ್ನೆಸ್ ಬಾರ್ ಬಗ್ಗೆ: ಅದು ಪಟ್ಟಿ ಕಟ್ಟೋ ಕಂಬಿ, ಛಾವಣಿ ಹೊರೋ ತೊಲೆ ಅಲ್ಲ. ಎಫ್‌ಐಎ ಪ್ರಕಾರ ಇಂಥ ಅಡ್ಡಕಂಬಿಗೆ 38 × 2.5 ಮಿ.ಮೀ. ಅಥವಾ 40 × 2 ಮಿ.ಮೀ. ಅಳತೆಯ ತಡೆರಹಿತ ಉಕ್ಕಿನ ಕೊಳವೆ ಬೇಕು. ಗ್ರಿಲ್ ಅಂಗಡಿಯ ಬೆಸೆದ ಕೊಳವೆ ಬಗ್ಗುತ್ತೆ. ಕಾರು ಮಗುಚಿದಾಗಿನ ಲೆಕ್ಕ ಬೇರೆ: ಹಾರ್ನೆಸ್ ಮೈಯನ್ನು ನೆಟ್ಟಗೆ ಬಿಗಿದಿರುತ್ತೆ, ಛಾವಣಿ ಕೆಳಗೆ ಬರುತ್ತೆ, ಫಿಕ್ಸೆಡ್ ಬಕೆಟ್ ಸೀಟಿನ ಬೆನ್ನು ಮಣಿಯಲ್ಲ, ತಲೆಗೆ ಪಕ್ಕಕ್ಕೆ ಹೋಗೋಕೂ ಜಾಗ ಇಲ್ಲ. ಹಾಗಾಗಿ ಹಾರ್ನೆಸ್ ಬಂದರೆ ರೋಲ್ ಬಾರ್ (ಮಗುಚಿದಾಗ ಛಾವಣಿ ಹೊರೋ ಉಕ್ಕಿನ ಕಮಾನು) ಬರಬೇಕು. ರೋಲ್ ಬಾರ್ ಬಂದರೆ ಹೆಲ್ಮೆಟ್ ಬರಬೇಕು, ಯಾಕಂದ್ರೆ ಮೇಲೆ ಫೋಮ್ ಸುತ್ತಿದ್ದರೂ ಉಕ್ಕಿನ ಕೊಳವೆಗೆ ಬರಿತಲೆ ಬಡಿದರೆ ತಡೆಯಲ್ಲ. ಹಿಂದೆ ಮಕ್ಕಳು ಕೂರೋದಂತೂ ಅಲ್ಲಿಗೆ ಮುಗಿಯಿತು.

ಹೆಲ್ಮೆಟ್ ಬಂದರೆ ಕತ್ತು. ತಲೆ ಸುಮಾರು 4.5 ಕಿಲೋ, ಹೆಲ್ಮೆಟ್ 1.4. ಎದೆ ಹಿಂದಕ್ಕೆ ಬಿಗಿದು 40 ಜಿ (ಗುರುತ್ವದ 40 ಪಟ್ಟು) ಹೊಡೆತ ಬಿದ್ದರೆ ಕತ್ತನ್ನು ಮುಂದಕ್ಕೆ ಎಳೆಯೋ ಬಲ ಸುಮಾರು 235 ಕಿಲೋ ತೂಕದಷ್ಟು. ತಲೆಬುರುಡೆಯ ಬುಡ ಬಿರಿಯೋದು ಇದರಿಂದ. ರಾಬರ್ಟ್ ಹಬಾರ್ಡ್, ಜಿಮ್ ಡೌನಿಂಗ್ ರೂಪಿಸಿದ, ಹೆಲ್ಮೆಟನ್ನು ಹಿಡಿದು ಕತ್ತು ಕಾಯೋ ಹ್ಯಾನ್ಸ್ ಸಾಧನ ಇದಕ್ಕಾಗಿಯೇ ಬಂದಿದ್ದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾ ಟ್ರ್ಯಾಕಿನಲ್ಲಿ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡ ಮೇಲೆ ಆ ವರ್ಷವೇ ಅಲ್ಲಿನ ರೇಸ್ ಸಂಸ್ಥೆ ನ್ಯಾಸ್ಕಾರ್ ಕತ್ತಿನ ರಕ್ಷಣೆ ಕಡ್ಡಾಯ ಮಾಡಿತು, ಫಾರ್ಮುಲಾ ಒನ್ 2003ರಲ್ಲಿ. ಕಂಪನಿಯ 3 ಪಾಯಿಂಟಿನಲ್ಲಿ ಲೋಡ್ ಲಿಮಿಟರ್ ಪಟ್ಟಿಯನ್ನು ಅಳತೆ ಮಾಡಿ ಬಿಡುತ್ತೆ, ಎದೆಯೂ ತಲೆಯೂ ಒಟ್ಟಿಗೆ ಮುಂದೆ ಹೋಗಿ ಏರ್‌ಬ್ಯಾಗಿಗೆ ಒರಗ್ತವೆ. ಆ ಏರ್‌ಬ್ಯಾಗಿನ ಟೈಮಿಂಗ್ ಇಟ್ಟಿರೋದೇ ಆ ಲೆಕ್ಕಕ್ಕೆ. ಹಾರ್ನೆಸ್ ಹಾಕಿ ಬರಿತಲೆಯಲ್ಲಿ ಹೈವೇಗೆ ಹೋದರೆ ನಿಮಗೆ ಆ ರಕ್ಷಣೆಯೂ ಇಲ್ಲ, ಈ ರಕ್ಷಣೆಯೂ ಇಲ್ಲ.

ಚದಲಪುರ ಕ್ರಾಸಿನಲ್ಲಿ ಸರ್ವಿಸ್ ರಸ್ತೆಯಿಂದ ಹೈವೇಗೆ ಸೇರುವಾಗ ಮುಂದೆ ಬಗ್ಗಿ, ಭುಜ ತಿರುಗಿಸಿ ನೋಡಬೇಕಲ್ವಾ? ಬಿಗಿಯಾಗಿ ಕಟ್ಟಿದ ಹಾರ್ನೆಸಲ್ಲಿ ಅದು ಆಗಲ್ಲ, ದ್ರಾಕ್ಷಿ ಕ್ರೇಟ್ ತುಂಬಿದ ಟೆಂಪೋ ಕನ್ನಡಿಯ ಕುರುಡು ಜಾಗದಲ್ಲಿದ್ದರೆ ಕಾಣಲ್ಲ. ಕಾಣಲಿ ಅಂತ ಎಲ್ಲರೂ ಮಾಡೋದು ಒಂದೇ, ಭುಜದ ಪಟ್ಟಿ ಸಡಿಲ ಬಿಡೋದು. ಸಡಿಲ ಹಾರ್ನೆಸಿಗೆ ರೀಲ್ ಇಲ್ಲ, ಪ್ರೀಟೆನ್ಷನರ್ ಇಲ್ಲ. ಕಂಪನಿ ರೀಲ್ ಹಾಗಲ್ಲ, ನೀವು ಬಗ್ಗಿದಾಗ ಬಿಡುತ್ತೆ, ಕಾರು ಸುಮಾರು 0.45 ಜಿಯಲ್ಲಿ ವೇಗ ಕಳೆದುಕೊಂಡರೆ ತಾನೇ ಹಿಡಿಯುತ್ತೆ.

ಎಪಿಎಂಸಿ ಗೇಟ್, ಕೋಲಾರ

ಕಾನೂನು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ವಾಹನ ಬದಲಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. 182ಎ(4) ಅಡಿ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಸೀಟ್ ಬೆಲ್ಟ್ ಇಲ್ಲದಿದ್ದರೆ 194ಬಿ ಅಡಿ 1,000. ಎಫ್‌ಐಎ ಲೇಬಲ್ ರೇಸಿಗೆ ಮಾತ್ರ, ರಸ್ತೆಗೆ ಅದು ಅನುಮೋದನೆ ಅಲ್ಲ. ಕಂಪನಿ ಬೆಲ್ಟ್ ಬಿಚ್ಚಿಟ್ಟ ಕಾರಿಗೆ ಅಪಘಾತವಾದರೆ ವಿಮೆಯವರು ಮೊದಲು ತೆಗೆಯೋ ಫೋಟೋ ಯಾವುದು ಅಂತ ಊಹಿಸಿಕೊಳ್ಳಿ.

ಹೊರಗಿಂದ ಬಿಡಿಸೋರ ವಿಷಯವನ್ನೂ ಮರೆಯಬೇಡಿ. ಹೆದ್ದಾರಿ ಪಕ್ಕದ ಹೊಲದಿಂದ ಓಡಿ ಬಂದವರಿಗೆ ಕೆಂಪು ಬಟನ್ ಒತ್ತೋದು ಗೊತ್ತು. ಎದೆ ಮಧ್ಯದ ಬಕಲನ್ನು ತಿರುಗಿಸಬೇಕು ಅಂತ ಗೊತ್ತಿರಲ್ಲ.

ದುರ್ಗದ ತಿರುವು, ತುಮಕೂರು

ಹಾಗಂತ ಟ್ರ್ಯಾಕಿಗೂ ಬೇಡ ಅಂತ ಯಾರೂ ಹೇಳ್ತಿಲ್ಲ. ಬೋಲ್ಟಿನ ರೋಲ್ ಬಾರ್, ಬಕೆಟ್, 6 ಪಾಯಿಂಟ್, ಹೆಲ್ಮೆಟ್, ಹ್ಯಾನ್ಸ್ ಐದೂ ಇದ್ದರೆ ಹಾರ್ನೆಸಿನಷ್ಟು ಒಳ್ಳೇದು ಇನ್ನೊಂದಿಲ್ಲ. ಅರ್ಧಂಬರ್ಧ ಮಾಡೋದಾದರೆ ಬಕೆಟ್ ಸೀಟು ಹಾಕಿ ಕಂಪನಿ ಬೆಲ್ಟಲ್ಲೇ ನಿಲ್ಲಿ. ಆಗಲೂ ಒಂದು ಕಡೆ ಎಡವಬಹುದು: ಬಕೆಟ್ಟಿನ ಪಕ್ಕದ ಗೋಡೆ ಎತ್ತರ, ಸೊಂಟದ ಪಟ್ಟಿ ಅದರ ಮೇಲೆ ಸೇತುವೆ ಕಟ್ಟಿದಂಗೆ ಹಾದುಹೋಗಿ ತೊಡೆಗೆ ತಾಗದೆ ನಿಲ್ಲುತ್ತೆ. ಬಕಲ್ ಸೀಟಿನ ಪಕ್ಕದ ತೂತಿನೊಳಗಿಂದ ಬರಬೇಕು, ಪಟ್ಟಿ ಮೈಗೆ ಅಂಟಿ ಕೂರಬೇಕು. ಬರದಿದ್ದರೆ ಆ ಸೀಟು ರಸ್ತೆಗಲ್ಲ.

ಕಟ್ಟೋ ಕ್ರಮ: ಮೊದಲು ಸೊಂಟ, ಉಸಿರು ಬಿಟ್ಟು ಎಷ್ಟಾಗುತ್ತೋ ಅಷ್ಟು ಬಿಗಿ. ಆಮೇಲೆ ತೊಡೆ ಪಟ್ಟಿ, ಸಡಿಲ ಹೋಗೋವಷ್ಟು. ಹ್ಯಾನ್ಸ್ ಸರಿಯಾಗಿ ಕೂತಿದೆಯಾ ನೋಡಿ ಕೊನೆಗೆ ಭುಜ. ಭುಜ ಮೊದಲು ಎಳೆದರೆ ಬಕಲ್ ಹೊಕ್ಕುಳಿಗೆ ಬರುತ್ತೆ. ಮತ್ತೆ, ಕಂಪನಿ ಸೊಂಟದ ಬೆಲ್ಟಿಗೆ ಹಾರ್ನೆಸಿನ ಭುಜದ ಪಟ್ಟಿ ಸೇರಿಸೋ ಬೆರಕೆ ಮಾತ್ರ ಯಾವತ್ತೂ ಬೇಡ.

ನಂದಿತಪ್ಪಲು

ಸದ್ಯಕ್ಕೆ ರೀಲ್ ಲಾಕ್ ಉಪಾಯವೇ ಸರಿ. ಮುಂದಕ್ಕೆ ಅಂತ ಸೆಕೆಂಡ್ ಹ್ಯಾಂಡಲ್ಲಿ ಹಸಿರು ಬಣ್ಣದ 6 ಪಾಯಿಂಟ್ ಒಂದು ಬಂದಿದೆ, ಟಕಾಟಾ ಹೆಸರಿದೆ, ರೇಟು ತುಂಬಾ ಕಮ್ಮಿ. ಏನು ನೋಡಬೇಕು?

ಸ್ಪಾನರ್17, ಮುಳಬಾಗಿಲು

ಹಸಿರು ಟಕಾಟಾ ಅಂದ್ರೆ ನಕಲಿ ಮಾಡೋರಿಗೆ ಅಚ್ಚುಮೆಚ್ಚು. ಮೊದಲು ಲೇಬಲ್ ನೋಡಿ. 8853-2016 ಅಥವಾ ಹಳೇ 8853/98 ಅಂತ ಎಫ್‌ಐಎ ಮಾನದಂಡದ ಸಂಖ್ಯೆ ಇರಬೇಕು, ಪಕ್ಕದಲ್ಲಿ ಅನುಮೋದನೆ ಸಂಖ್ಯೆ, ಯಾವ ವರ್ಷದ ಆಮೇಲೆ ನಡೆಯಲ್ಲ ಅಂತ ಮುದ್ರೆ. ಲೇಬಲ್ ಒಂದೊಂದು ಪಟ್ಟಿಗೂ ಇರಬೇಕು, ಒಂದಕ್ಕೆ ಮಾತ್ರ ಇದ್ರೆ ಮಿಕ್ಕಿದ್ದು ಎಲ್ಲಿಂದಲೋ ಬಂದಿದೆ. ಎಫ್‌ಐಎದು ಮಾಡಿದ ವರ್ಷದಿಂದ ಸಾಮಾನ್ಯವಾಗಿ 5 ವರ್ಷ, ಎಸ್‌ಎಫ್‌ಐ (ಅಮೆರಿಕದ ಸಂಸ್ಥೆ) ಲೇಬಲ್ ಆದ್ರೆ 2 ವರ್ಷ. ಟಕಾಟಾ 2017ರಲ್ಲೇ ದಿವಾಳಿ ಅರ್ಜಿ ಹಾಕಿದ್ದು, ಅಸಲಿಯಾದರೂ ಅವಧಿ ಮುಗಿದಿರಬಹುದು.

ಆಮೇಲೆ ಪಟ್ಟಿಯನ್ನು ಮಡಚಿ ಅಂಚು ನೋಡಿ. ಬಿಸಿಲಿಗೆ ಬಿದ್ದಿದ್ರೆ ಮಡಿಕೆ ಒಳಗಿನ ಬಣ್ಣಕ್ಕೂ ಹೊರಗಿನದಕ್ಕೂ ವ್ಯತ್ಯಾಸ ಕಾಣುತ್ತೆ, ಮುಟ್ಟಿದ್ರೆ ಒರಟು. ಹೊಲಿಗೆ ಹತ್ತಿರ ಅಲೆಅಲೆಯಾಗಿದ್ರೆ ಇಲ್ಲ ದಾರ ಕಿತ್ತಿದ್ರೆ ಒಂದು ಗುದ್ದು ತಿಂದಿದೆ. ನಮ್ಮ ಕಡೆ ಕ್ವಾರಿ ಧೂಳು ಬೇರೆ, ಬಕಲೊಳಗೆ ಸೇರಿದ್ರೆ ತಿರುಗುವಾಗ ಗರಗರ ಅನ್ನುತ್ತೆ. ಪಟ್ಟಿಯನ್ನು ಉಗುರುಬೆಚ್ಚಗಿನ ನೀರು, ಸಾದಾ ಸೋಪಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬ್ಲೀಚ್ ಮುಟ್ಟಿಸಬೇಡಿ. ಬಕಲಿಗೆ ಎಣ್ಣೆ ಬಿಡಬೇಡಿ, ಧೂಳು ಅಂಟಿ ಕೆಸರಾಗುತ್ತೆ. ಎಲ್ಲಾ ನಾಲಿಗೆ ಹಾಕಿ ಒಂದು ತಿರುವಿಗೇ ಎಲ್ಲವೂ ಬಿಡುಗಡೆ ಆಗಬೇಕು. ಒಂದು ನಾಲಿಗೆ ಸಿಕ್ಕಿಕೊಂಡ್ರೂ ವಾಪಸ್ ಕೊಟ್ಟುಬಿಡಿ.